ಮಳೆಗಾಲ ಕಳೆದ ಮೇಲೆ ಜಾಮ್ ಆದ ಬ್ರೇಕು, ತೀರ್ಥಹಳ್ಳಿಯ ಒಂದು ಸಣ್ಣ ಗ್ಯಾರೇಜು

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಅಪ್ಪ ಬೆಂಗಳೂರಿಗೆ ನಮ್ಮ ಮನೆಗೆ ಬಂದರು. ಕಾರು ಊರಿನ ಶೆಡ್ಡಿನಲ್ಲೇ ಉಳಿಯಿತು, ಅದೂ ಹ್ಯಾಂಡ್‌ಬ್ರೇಕ್ ಎಳೆದುಕೊಂಡೇ. ಆಯುಧ ಪೂಜೆಗೆ ತೊಳೆಯೋಣ ಅಂತ ಹೊರಗೆ ತೆಗೆಯಲು ಹೋದರೆ ಕದಲಲೇ ಇಲ್ಲ. ರಿವರ್ಸ್ ಹಾಕಿ ಹಿಂದೆ ಮುಂದೆ ಮಾಡಿದಾಗ ಟಣ್ ಅಂತ ಸದ್ದಾಗಿ ಹಿಂದಿನ ಚಕ್ರ ಬಿಟ್ಟುಕೊಂಡಿತು. ಆದರೂ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಓಡುತ್ತಿತ್ತು, ಮುಂದಿನ ಎಡಗಡೆ ಚಕ್ರದಿಂದ ಸುಟ್ಟ ವಾಸನೆ ಬೇರೆ.

ಫೋನಿನಲ್ಲಿ ವಿಚಾರಿಸಿದ ಒಂದು ದೊಡ್ಡ ವರ್ಕ್‌ಶಾಪಿನವರು ಗಾಡಿ ನೋಡದೆಯೇ ಚಕ್ರದ ಜೊತೆ ತಿರುಗುವ ಡಿಸ್ಕ್, ಅದನ್ನು ಒತ್ತಿ ಹಿಡಿಯುವ ಪ್ಯಾಡ್, ಪ್ಯಾಡನ್ನು ಒತ್ತಿಸುವ ಕ್ಯಾಲಿಪರ್ ಎಲ್ಲಾ ಹೊಸದು ಹಾಕಬೇಕು ಅಂದರು. ನನಗೆ ಸಿಟ್ಟೇ ಬಂತು. ನೋಡದೆ ಹೇಗೆ ಗೊತ್ತಾಗುತ್ತದೆ, ಅಲ್ವಾ? ಪಕ್ಕದ ಮನೆಯವರ ಮಾತು ಕೇಳಿ ಪೇಟೆಯ ಹೊರಗಿನ ಈ ಗ್ಯಾರೇಜಿಗೆ ನಿಧಾನವಾಗಿ ತಂದೆ.

ಇಲ್ಲಿ ಮೊದಲು ಜಾಕ್ ಹಾಕಿ ನಾಲ್ಕೂ ಚಕ್ರ ಕೈಯಲ್ಲಿ ತಿರುಗಿಸಿದರು. ಹಿಂದಿನವು ಸ್ವಲ್ಪ ಉಜ್ಜುತ್ತಿದ್ದವು. ಮುಂದಿನ ಎಡಗಡೆಯದು ತಿರುಗಲೇ ಇಲ್ಲ. "ಇಲ್ಲಿ ನೋಡಿ ಸಾರ್" ಅಂತ ಕರೆದು ಕ್ಯಾಲಿಪರಿನ ಬ್ಲೀಡ್ ನಿಪ್ಪಲ್, ಅಂದರೆ ಬ್ರೇಕ್ ಆಯಿಲ್ ಹೊರಬಿಡುವ ಸಣ್ಣ ತಿರುಪು, ಸಡಿಲ ಮಾಡಿದರು. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಒಳಗೇ ಸಿಕ್ಕಿಕೊಂಡಿದೆ ಅಂತ ಅರ್ಥ, ಆಗ ಆಯಿಲ್ ಬರುವ ರಬ್ಬರ್ ಹೋಸ್ ಅಥವಾ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ನೋಡಬೇಕು. ಆಮೇಲೂ ಬಿಗಿಯಾಗಿದ್ದರೆ ಕ್ಯಾಲಿಪರೇ ಹಿಡಿದಿದೆ. ನಮ್ಮದು ಬಿಗಿಯಾಗಿಯೇ ಇತ್ತು. ಬಿಚ್ಚಿದರೆ ಪ್ಯಾಡ್ ತಳ್ಳುವ ಪಿಸ್ಟನ್ ಚೆನ್ನಾಗಿದೆ, ಆದರೆ ಕ್ಯಾಲಿಪರ್ ಜಾರುವ ಪಿನ್ನಿನ ರಬ್ಬರ್ ಬೂಟ್ ಹರಿದು, ನೀರು ಇಳಿದು, ಪಿನ್ನು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇಷ್ಟಕ್ಕೆ ಆ ದೊಡ್ಡ ವರ್ಕ್‌ಶಾಪಿನವರು ಇಡೀ ಕ್ಯಾಲಿಪರ್ ಬದಲಾಯಿಸಲು ಹೊರಟಿದ್ದರು! ಹೊಸ ಪಿನ್ನು, ಬೂಟು ಹಾಕಿ ಸಿಲಿಕೋನ್ ಗ್ರೀಸ್ ಹಚ್ಚಿದರು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿಕೊಳ್ಳುತ್ತದಂತೆ.

ಡಿಸ್ಕಿನ ಮೇಲಿನ ಕೆಂಪು ತುಕ್ಕು ನೋಡಿ ನಾನು ಹೆದರಿದ್ದೆ. ಅದು ಮೇಲಿನ ಪದರ ಅಷ್ಟೇ, ಓಡಿಸಿ ಬ್ರೇಕ್ ಹಾಕುತ್ತಾ ಹೋದರೆ ಉಜ್ಜಿ ಹೋಗುತ್ತದೆ ಅಂದರು, ಹಾಗೇ ಆಯಿತು. ಹಿಂದಿನ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಶೂ ಕ್ಲೀನ್ ಮಾಡಿದರು, ಹ್ಯಾಂಡ್‌ಬ್ರೇಕ್ ಕೇಬಲ್ ಸಲೀಸಾಗಿ ವಾಪಸ್ ಬರುತ್ತದಾ ಅಂತಲೂ ನೋಡಿದರು. ಪೆಡಲ್ ಗಟ್ಟಿ ಅನಿಸುತ್ತದೆ ಅಂತ ಅಪ್ಪ ಹೇಳಿದ್ದಕ್ಕೆ ಇಂಜಿನ್ ಆಫ್ ಮಾಡಿಸಿ ನಾಲ್ಕೈದು ಸಲ ಒತ್ತಿಸಿ, ಕಾಲು ಇಟ್ಟುಕೊಂಡೇ ಸ್ಟಾರ್ಟ್ ಮಾಡಿಸಿದರು. ಪೆಡಲ್ ಸ್ವಲ್ಪ ಕೆಳಗೆ ಇಳಿಯಿತು, ಹಾಗಾಗಿ ಪೆಡಲ್ ಹಗುರ ಮಾಡುವ ಬೂಸ್ಟರ್ ಸರಿ ಇದೆ.

ಬ್ರೇಕ್ ಆಯಿಲ್ ಮಾತ್ರ ಕಪ್ಪಾಗಿತ್ತು. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯಬಹುದು. ಕಣ್ಣಿನ ಚೆಕಪ್ಪಿಗೆ ಮಣಿಪಾಲಕ್ಕೆ ಹೋಗಲು ಆಗುಂಬೆ ಘಾಟಿಯ 14 ತಿರುವು ಇಳಿಯುವವರು ನಾವು. ಘಾಟಿ ಮಧ್ಯೆ ಆಯಿಲ್ ಕುದಿದು ಆವಿಯಾಗಿ, ಬ್ರೇಕ್ ಹಿಡಿಯದೆ ಪೆಡಲ್ ಒಳಗೆ ಹೋದರೆ ಏನು ಗತಿ? ಹಾಗಾಗಿ ಆಯಿಲ್ ಪೂರ್ತಿ ಬದಲಾಯಿಸಲು ಹೇಳಿದೆ.

ಒಟ್ಟು 2,850 ರೂಪಾಯಿ ಆಯಿತು, ತೆಗೆದ ಹಳೆ ಸಾಮಾನೂ ಕೈಗೆ ಕೊಟ್ಟರು. ಬಿಲ್ಲು ಕೈಬರಹದ್ದು, ಕೂರಲು ಸರಿಯಾದ ಜಾಗ ಇಲ್ಲ, ಬೆಳಿಗ್ಗೆ ಬಿಟ್ಟ ಗಾಡಿ ಸಿಕ್ಕಿದ್ದು ಸಂಜೆ ಐದಕ್ಕೆ. ಅರ್ಜೆಂಟ್ ಇರುವವರಿಗೆ ಇದು ಕಷ್ಟವೇ. ನನಗಂತೂ ಬ್ರೇಕಿನ ಕೆಲಸ ಹೀಗೆ ನಿಧಾನವಾಗಿ ನೋಡಿ ಮಾಡುವವರೇ ಬೇಕು. ಜಾಸ್ತಿ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಸಮತಟ್ಟು ಜಾಗದಲ್ಲಿ ಫಸ್ಟ್ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ ಅಂತಲೂ ಹೇಳಿ ಕಳಿಸಿದರು.

ಮುಂದಿನ ವಾರ ಅಪ್ಪನನ್ನು ಕೂರಿಸಿಕೊಂಡು ಘಾಟಿ ಇಳಿದು, ಸೋಮೇಶ್ವರದಲ್ಲಿ ನಿಲ್ಲಿಸಿ ಮುಂದಿನ ಎರಡೂ ಚಕ್ರದ ಹತ್ತಿರ ಕೈ ಹಿಡಿದು ನೋಡಿದೆ. ಎಡದ್ದೂ ಬಲದ್ದೂ ಒಂದೇ ಬಿಸಿ.