ಖಾಲಿ ಬೋನಿಗೂ ಲೆಕ್ಕ ಇಡುವ ಆಪ್

ನ್ಯೂಜಿಲೆಂಡ್‌ನ ವೆಲಿಂಗ್ಟನ್‌ನಲ್ಲಿ ನಮ್ಮ ಬಡಾವಣೆಯ ಹಿಂದಿನ ಕಣಿವೆಯಲ್ಲಿ, ಹಕ್ಕಿಗಳನ್ನು ಕೊಲ್ಲುವ ಇಲಿ ಮುಂತಾದ ಪ್ರಾಣಿಗಳಿಗಾಗಿ ಇಟ್ಟ 62 ಬೋನುಗಳಿವೆ. ನಾವು 17 ಜನ ಸರದಿಯ ಮೇಲೆ ನೋಡಿಬರುತ್ತೇವೆ. ಲೆಕ್ಕ ಒಟ್ಟುಮಾಡುವ ಕೆಲಸ ಮೂರು ವರ್ಷದಿಂದ ನನ್ನದು. ಬೋನುಗಳ ದಾಖಲೆ ಇಡುವ ಟ್ರ್ಯಾಪ್ ಡಾಟ್ ಎನ್‌ಝಡ್ ಆಪ್ ಬಗ್ಗೆ ಧೈರ್ಯವಾಗಿ ಬರೆಯುವಷ್ಟು ಅದನ್ನು ಬಳಸಿದ್ದೇನೆ.

ಮೊದಲೆಲ್ಲ ಗುಂಪಿನ ಮೆಸೇಜುಗಳೇ ನಮ್ಮ ದಾಖಲೆ. "ತೊರೆ ಪಕ್ಕದ್ದರಲ್ಲಿ ಒಂದು ಇಲಿ" ಅಂತ ಒಬ್ಬರು ಹಾಕುತ್ತಿದ್ದರು. ತೊರೆ ಪಕ್ಕ ಏಳು ಬೋನು ಇವೆ, ಯಾವುದು? ಅದಕ್ಕಿಂತ ದೊಡ್ಡ ತೊಂದರೆ, ಏನೂ ಸಿಗದವರು ಏನೂ ಬರೆಯುತ್ತಿರಲಿಲ್ಲ. ಆ ಬೋನಿಗೆ ಇಲಿ ಬರಲಿಲ್ಲವೋ, ಬೋನು ನೋಡಲು ಯಾರೂ ಹೋಗಲೇ ಇಲ್ಲವೋ, ತಿಳಿಯುವ ದಾರಿಯೇ ಇರಲಿಲ್ಲ.

ಕೊಪ್ಪದ ನಮ್ಮ ತೋಟದಲ್ಲಿ ಅಪ್ಪ ಮಳೆ ಲೆಕ್ಕದ ಡೈರಿ ಇಡುತ್ತಿದ್ದರು. ಮಳೆ ಬಾರದ ದಿನವೂ 0 ಅಂತ ಬರೆದೇ ಮಲಗುತ್ತಿದ್ದರು. ಈ ಆಪ್ ನನಗೆ ಹಿಡಿಸಿದ್ದು ಅದೇ ಕಾರಣಕ್ಕೆ. ನಕ್ಷೆಯಲ್ಲಿ ಪ್ರತಿ ಬೋನಿಗೂ ಒಂದು ಗುರುತು. ಒತ್ತಿದರೆ ಏನು ಸಿಕ್ಕಿತು, ಬೋನು ಸಿಡಿದಿತ್ತೇ, ಆಮಿಷ ಉಳಿದಿತ್ತೇ, ಹೊಸದು ಇಟ್ಟಿರಾ ಎಂದು ಕೇಳುತ್ತದೆ. ಖಾಲಿ ಇದ್ದರೂ ಅರ್ಧ ನಿಮಿಷದಲ್ಲಿ ದಾಖಲಾಗುತ್ತದೆ. ಕಣಿವೆಯಲ್ಲಿ ಸಿಗ್ನಲ್ ಇಲ್ಲ. ಫೋನಿನಲ್ಲೇ ಉಳಿದು, ಮೇಲೆ ಬಂದಾಗ ಹೋಗಿ ಸೇರುತ್ತದೆ. ದುಡ್ಡು ಕೇಳುವುದಿಲ್ಲ.

ಕಳೆದ ಚಳಿಗಾಲದಲ್ಲಿ ಇದರ ಬೆಲೆ ಗೊತ್ತಾಯಿತು. ಒಂದೇ ಸಾಲಿನ ಒಂಬತ್ತು ಡಾಕ್ 200 (ಪ್ರಾಣಿಯ ಭಾರಕ್ಕೆ ಸಿಡಿಯುವ ಒಂದು ಬಗೆ) ಬೋನುಗಳಲ್ಲಿ ವಾರವಾರವೂ ಒಂದೇ ಮಾತು: ಸಿಡಿದಿಲ್ಲ, ಪೀನಟ್ ಬಟರ್ ಮಾಯ. ಬೇರೆ ಬೇರೆ ಐದು ಜನ ಬರೆದದ್ದು ನಕ್ಷೆಯಲ್ಲಿ ಒಟ್ಟಿಗೆ ಕಂಡಾಗ ಅಲ್ಲಿ ಕಚ್ಚುವ ಕಾರ್ಡ್ (ಆಮಿಷ ತುಂಬಿದ, ಕಚ್ಚಿದ ಪ್ರಾಣಿಯ ಹಲ್ಲಿನ ಗುರುತು ಉಳಿಯುವ ಹಾಳೆ) ಹೊಡೆದೆವು. ಬಿದ್ದದ್ದು ಸುಂಡಿಲಿಯ ಹಲ್ಲಿನ ಗುರುತು. ಅಷ್ಟು ಹಗುರ ಪ್ರಾಣಿಗೆ ಡಾಕ್ 200 ಸಿಡಿಯುವುದಿಲ್ಲ. ಕಾರ್ಡಿನ ಫಲಿತಾಂಶವನ್ನೂ ಇದೇ ಆಪ್‌ನಲ್ಲಿ ಸೇರಿಸಬಹುದು.

ಇಷ್ಟೆಲ್ಲ ಯಾಕೆ ಅಂತ ಊರಿನವರು ಕೇಳುತ್ತಾರೆ. ಬಾವಲಿ ಬಿಟ್ಟರೆ ಈ ದೇಶದ ನೆಲಕ್ಕೆ ತನ್ನದೇ ಸಸ್ತನಿ ಇಲ್ಲ. ಇಲ್ಲಿಯ ಹಕ್ಕಿಗಳಿಗೆ ಇಲಿ, ಪಾಸಮ್ (ಮರ ಹತ್ತುವ, ಹೊಟ್ಟೆಚೀಲದ ಪ್ರಾಣಿ), ಸ್ಟೋಟ್ (ಮುಂಗುಸಿಯಂತೆ ಕಾಣುವ ಬೇಟೆ ಪ್ರಾಣಿ) ಇವುಗಳಿಂದ ತಪ್ಪಿಸಿಕೊಳ್ಳುವ ಅಭ್ಯಾಸವೇ ಇಲ್ಲ. ಸ್ಟೋಟನ್ನು 1880ರ ದಶಕದಲ್ಲಿ ಮೊಲ ಕಡಿಮೆಯಾಗಲಿ ಎಂದು ಜನರೇ ತಂದು ಬಿಟ್ಟರು. ಪೊಟರೆಯಲ್ಲಿ ಕಾವು ಕೂತ ಕಾಕಾ ಗಿಳಿಯನ್ನು ಅದು ಗೂಡಿನಲ್ಲೇ ಕೊಲ್ಲುತ್ತದೆ. 2050ರೊಳಗೆ ಇವನ್ನೆಲ್ಲ ದೇಶದಿಂದ ಇಲ್ಲವಾಗಿಸುವ ಗುರಿಯನ್ನು ಸರ್ಕಾರ 2016ರಲ್ಲಿ ಘೋಷಿಸಿತು. ನಮ್ಮ ಊರಿನದೇ ಮಿರಮಾರ್ ಪರ್ಯಾಯ ದ್ವೀಪದಲ್ಲಿ ಇಲಿ, ಸ್ಟೋಟ್, ಅದರದೇ ಜಾತಿಯ ಚಿಕ್ಕ ವೀಸಲ್ ಉಳಿದಿಲ್ಲವೆಂದು 2023ರಲ್ಲಿ ಹೇಳಿದರು. "ಉಳಿದಿಲ್ಲ" ಎನ್ನಬೇಕಾದರೆ ಖಾಲಿ ಬಂದ ದಿನಗಳ ಲೆಕ್ಕ ಬೇಕೇ ಬೇಕು.

ಗುಂಪು ಶುರುಮಾಡುವವರಿಗೆ ಒಂದು ಮಾತು. ಬೋನಿಗೆ ಹೆಸರಿಡಬೇಡಿ, ನಂಬರ್ ಕೊಡಿ, ಅದೇ ನಂಬರನ್ನು ಪೆಟ್ಟಿಗೆಯ ಮೇಲೂ ಬಣ್ಣದಲ್ಲಿ ಬರೆಯಿರಿ. ನಾವು ಇದನ್ನು ಮಾಡದೆ ಮೊದಲ ಆರು ತಿಂಗಳಲ್ಲಿ 23 ಮತ್ತು 32 ಅದಲುಬದಲಾಗಿ ಹೋದವು. ಹೊಸಬರ ಜೊತೆ ಒಂದು ಸುತ್ತು ನಡೆದುಬನ್ನಿ. ಅವರ ಮೊದಲ ದಾಖಲೆ ಖಾಲಿ ಬೋನಿನದ್ದೇ ಆಗಿರಲಿ.