ಸ್ವಂತ ಚಿಕಿತ್ಸಾಲಯಕ್ಕೆ ಮೊದಲು ಕೊಂಡ ಸೂಕ್ಷ್ಮದರ್ಶಕ

ಬೆಂಗಳೂರಿನ ಸಾಕುಪ್ರಾಣಿ ಆಸ್ಪತ್ರೆಯೊಂದರಲ್ಲಿ ಸಂಬಳಕ್ಕಿದ್ದಾಗ ರಕ್ತ ತೆಗೆದು, ಕೊಳವೆಗೆ ತುಂಬಿ, ಪ್ರಯೋಗಾಲಯದ ಕಿಟಕಿಯಲ್ಲಿ ಇಟ್ಟರೆ ನನ್ನ ಪಾಲಿನ ಕೆಲಸ ಮುಗಿಯುತ್ತಿತ್ತು. ವರದಿ ತಾನಾಗಿ ಕಂಪ್ಯೂಟರಿಗೆ ಬರುತ್ತಿತ್ತು. ತೀರ್ಥಹಳ್ಳಿಯಲ್ಲಿ ಸ್ವಂತ ಪಶು ಚಿಕಿತ್ಸಾಲಯ ತೆರೆಯಲು ಹೊರಟಾಗ ಆ ಕಿಟಕಿ ಇರಲಿಲ್ಲ. ಉಪಕರಣ ಮಾರುವವರೆಲ್ಲ ಅಲ್ಟ್ರಾಸೌಂಡ್ ಯಂತ್ರದ ದರಪಟ್ಟಿ ಹಿಡಿದು ಬಂದರು. ಹಸುವನ್ನೂ ನಾಯಿಯನ್ನೂ ನೋಡುವ ಒಂದು ಕೋಣೆಯ ಚಿಕಿತ್ಸಾಲಯಕ್ಕೆ ಮೊದಲು ಬೇಕಾದದ್ದು ಒಳ್ಳೆಯ ಸೂಕ್ಷ್ಮದರ್ಶಕ ಎಂದು ನಾನು ಹಟ ಹಿಡಿದೆ, ಬ್ಯಾಂಕ್ ಸಾಲದ ಮೊದಲ ಕಂತಿನಲ್ಲಿ ಅದನ್ನೇ ಕೊಂಡೆ. ಒಂದು ಪೂರ್ತಿ ಮಳೆಗಾಲ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಇದು ಹರಿಯಾಣದ ಅಂಬಾಲದಲ್ಲಿ ತಯಾರಾದದ್ದು. ಎರಡು ಕಣ್ಣಿನಲ್ಲೂ ನೋಡಬಹುದಾದ ಬೈನಾಕ್ಯುಲರ್ ಮಾದರಿ, ಎಲ್‌ಇಡಿ ಬೆಳಕು, 4, 10, 40 ಮತ್ತು 100 ಪಟ್ಟಿನ ನಾಲ್ಕು ಲೆನ್ಸು. ತೆರಿಗೆ ಸೇರಿ 35,000 ರೂಪಾಯಿಯೊಳಗೆ ಬಂತು. ಅಂಬಾಲದ ಹಲವು ಕಾರ್ಖಾನೆಗಳು ಇಂಥದ್ದನ್ನೇ ತಯಾರಿಸುತ್ತವೆ. ಆದ್ದರಿಂದ ಹೆಸರಿಗಿಂತ ಲಕ್ಷಣ ನೋಡಿ ಕೊಳ್ಳುವುದು ಮೇಲು. ನಾನು ಒತ್ತಾಯಿಸಿ ಪಡೆದ ಲಕ್ಷಣವೆಂದರೆ ಒಳಗೇ ಇರುವ, ಚಾರ್ಜ್ ಮಾಡಬಹುದಾದ ಬ್ಯಾಟರಿ. ಆಷಾಢದ ಗಾಳಿಗೆ ಇಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಯಾರೂ ಹೇಳಲಾರರು. ಬ್ಯಾಟರಿ ಈವರೆಗೆ ಕೈಕೊಟ್ಟಿಲ್ಲ.

ಮಂಗನ ಕಾಯಿಲೆಯಿಂದಾಗಿ ನಮ್ಮ ಜಿಲ್ಲೆಯವರಿಗೆ ಉಣುಗು ಎಂದರೆ ಭಯವಿದೆ. ಆದರೆ ಉಣುಗುಗಳು ಕೊಟ್ಟಿಗೆಯಲ್ಲಿ ಮಾಡುವ ಹಾನಿ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಮಿಶ್ರತಳಿ ಹಸುವಿಗೆ ಜೋರು ಜ್ವರ, ಬಿಳಿಚಿದ ಕಣ್ಣು, ಇಳಿದ ಹಾಲು. ಇಷ್ಟು ಕಂಡಾಗ ಉಣುಗು ಹರಡುವ ರಕ್ತದ ರೋಗಾಣುಗಳಾದ ಬಬೇಸಿಯಾ, ಥೈಲೇರಿಯಾ, ಅನಾಪ್ಲಾಸ್ಮಾ ಮೂರರಲ್ಲಿ ಯಾವುದೂ ಇರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬಬೇಸಿಯಾದ ಕಡೆಗೆ, ಭುಜದ ಮುಂದಿನ ದುಗ್ಧರಸ ಗ್ರಂಥಿ ಊದಿದ್ದರೆ ಥೈಲೇರಿಯಾದ ಕಡೆಗೆ ಅನುಮಾನ ಹೋಗುತ್ತದೆ; ಎಲ್ಲ ಹಸುಗಳೂ ಇಷ್ಟು ಸ್ಪಷ್ಟವಾಗಿ ಹೇಳುವುದಿಲ್ಲ. ಮೂರಕ್ಕೂ ಔಷಧ ಬೇರೆ. ಡೈಮಿನಜೀನ್ ಬಬೇಸಿಯಾಕ್ಕೆ ಕೆಲಸ ಮಾಡುತ್ತದೆ, ಥೈಲೇರಿಯಾಕ್ಕೆ ಬುಪಾರ್ವಕ್ವೋನ್ ಬೇಕು, ಅನಾಪ್ಲಾಸ್ಮಾಕ್ಕೆ ಆಕ್ಸಿಟೆಟ್ರಾಸೈಕ್ಲಿನ್. ಬುಪಾರ್ವಕ್ವೋನ್ ದುಬಾರಿ. ಅಂದಾಜಿನ ಮೇಲೆ ಅದನ್ನು ಚುಚ್ಚಿದರೆ ಡೈರಿಗೆ ಹಾಲು ಹಾಕಿ ದುಡಿದ ಹಣ ವ್ಯರ್ಥವಾಗಬಹುದು, ಹಸುವೂ ಉಳಿಯದಿರಬಹುದು.

“ರಕ್ತ ನೋಡಿ ಏನಾಗಬೇಕು ಡಾಕ್ಟರಮ್ಮ, ಒಂದು ಇಂಜೆಕ್ಷನ್ ಕೊಟ್ಟುಬಿಡಿ” ಎನ್ನುವವರು ಈಗಲೂ ಇದ್ದಾರೆ. ಅವರನ್ನು ಕೂರಿಸಿ ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆಯುತ್ತೇನೆ. ಸ್ಲೈಡಿನ ಮೇಲೆ ತೆಳ್ಳಗೆ ಎಳೆದು, ಮೆಥನಾಲಿನಲ್ಲಿ ಸ್ಥಿರಗೊಳಿಸಿ, ಗೀಮ್ಸಾ ಬಣ್ಣದಲ್ಲಿ ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಇಡುತ್ತೇನೆ. ಈ ಯಂತ್ರದ 100ರ ಲೆನ್ಸಿನಲ್ಲಿ ಕೆಂಪು ರಕ್ತಕಣದೊಳಗೆ ನೀರಿನ ಹನಿಯಂತೆ ಜೋಡಿಯಾಗಿ ಕೂತ ಬಬೇಸಿಯಾ ನಿಚ್ಚಳವಾಗಿ ಕಾಣುತ್ತದೆ. ಅನಾಪ್ಲಾಸ್ಮಾ ಕಣದ ಅಂಚಿನಲ್ಲಿ ಬರಿಯ ಚುಕ್ಕೆ. ಬಣ್ಣದ ಕಸವನ್ನು ಅದೆಂದು ಭಾವಿಸದಿರಲು ಲೆನ್ಸು ಚೆನ್ನಾಗಿರಲೇಬೇಕು. ಈ ಪರೀಕ್ಷೆಯಲ್ಲಿ ಇದು ಗೆದ್ದಿದೆ. ನೌಕರಿಯಲ್ಲಿ ವರದಿಯ ಕೆಳಗೆ ಬೇರೊಬ್ಬರ ಸಹಿ ಇರುತ್ತಿತ್ತು. ಇಲ್ಲಿ ನೋಡುವವಳೂ ಔಷಧ ಬರೆಯುವವಳೂ ನಾನೇ. ಆ ಜವಾಬ್ದಾರಿ ಹೊರಲು ಈ ಉಪಕರಣ ನನಗೆ ಧೈರ್ಯ ಕೊಟ್ಟಿದೆ.

ನಾಯಿಗಳ ಚರ್ಮ ಕೆರೆದು ನೋಡಲು 10ರ ಲೆನ್ಸೇ ಸಾಕು. ಕಜ್ಜಿ ತರುವ ನುಸಿಗಳಾದ ಉದ್ದನೆಯ ಡೆಮೊಡೆಕ್ಸ್, ಗುಂಡಗಿನ ಸಾರ್ಕಾಪ್ಟಿಸ್ ಎರಡೂ ಸಲೀಸು. ಗದ್ದೆ ಬದುವಿನಲ್ಲಿ ಮೇಯುವ ದನಗಳ ಸಗಣಿಯಲ್ಲಿ ಯಕೃತ್ತಿನ ಚಪ್ಪಟೆ ಹುಳುವಿನ ಹಳದಿ ಮೊಟ್ಟೆಗೂ ಹೊಟ್ಟೆಯ ಆಂಫಿಸ್ಟೋಮ್ ಹುಳುವಿನ ಬಣ್ಣವಿಲ್ಲದ ಮೊಟ್ಟೆಗೂ ಇರುವ ವ್ಯತ್ಯಾಸ ಈ ಎಲ್‌ಇಡಿಯ ಬಿಳಿ ಬೆಳಕಿನಲ್ಲಿ ಕೂಡಲೇ ತಿಳಿಯುತ್ತದೆ.

ಕೊರತೆಗಳೂ ಇವೆ. 100ರ ಲೆನ್ಸಿನಲ್ಲಿ ನೋಟದ ಅಂಚು ಮಸುಕು, ನಡುಭಾಗ ಮಾತ್ರ ಸ್ಪಷ್ಟ. ದಿನವಿಡೀ ಸ್ಲೈಡ್ ನೋಡುವವರು ಹೆಚ್ಚು ಹಣ ಕೊಟ್ಟು, ಅಂಚಿನವರೆಗೂ ಸ್ಪಷ್ಟವಾಗಿ ತೋರಿಸುವ ಪ್ಲ್ಯಾನ್ ಲೆನ್ಸಿನ ಮಾದರಿಯನ್ನೇ ಕೊಳ್ಳಲಿ. ಸ್ಲೈಡನ್ನು ಸರಿಸುವ ತಿರುಪು ಕೆಲವೇ ತಿಂಗಳಲ್ಲಿ ಸಡಿಲವಾಯಿತು. ಮಾರಾಟಗಾರರು ಫೋನಿನಲ್ಲಿ ಬಿಗಿ ಮಾಡುವ ವಿಧಾನ ಹೇಳಿದರೇ ಹೊರತು ಯಾರನ್ನೂ ಕಳಿಸಲಿಲ್ಲ. 100ರ ಲೆನ್ಸಿಗೂ ಸ್ಲೈಡಿಗೂ ನಡುವೆ ಹಾಕಲು ಜೊತೆಗೆ ಬಂದ ಸೀಡರ್ ಎಣ್ಣೆ ಒರೆಸದೆ ಬಿಟ್ಟರೆ ಒಣಗಿ ಅಂಟಾಗುತ್ತದೆ; ಕೃತಕ ಎಣ್ಣೆಯನ್ನು ಬೇರೆ ತರಿಸಿಕೊಂಡೆ.

ಮಲೆನಾಡಿನವರು, ಕರಾವಳಿಯವರು ಗಮನಿಸಬೇಕಾದ ದೊಡ್ಡ ವಿಷಯ ಲೆನ್ಸಿಗೆ ಹಿಡಿಯುವ ಬೂಷ್ಟು. ನನ್ನ ಖಾತರಿ ಪತ್ರದಲ್ಲಿ ಅದಕ್ಕೆ ಪರಿಹಾರವಿಲ್ಲ. ಒಮ್ಮೆ ಬೇರೂರಿದರೆ ಲೆನ್ಸಿನ ಲೇಪನವನ್ನೇ ತಿನ್ನುತ್ತದೆ. ಪೆಟ್ಟಿಗೆಯ ಜೊತೆ ಕೊಟ್ಟ ಪ್ಲಾಸ್ಟಿಕ್ ಮುಸುಕು ಜೂನ್ ನಂತರ ತೇವವನ್ನು ಒಳಗೇ ಹಿಡಿದಿಡುತ್ತದೆ. ನಾನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಹರಳು ನೀಲಿಯಿಂದ ಗುಲಾಬಿಗೆ ತಿರುಗಿದಾಗ ಬಿಸಿ ಮಾಡಿ ಮತ್ತೆ ಬಳಸುತ್ತೇನೆ. ಲೆನ್ಸು ಈಗಲೂ ಶುಭ್ರವಾಗಿದೆ.

ಕೊಳ್ಳುವವರು ಬಿಡಿ ಲೆನ್ಸಿನ ಬೆಲೆಯನ್ನು ದರಪಟ್ಟಿಯಲ್ಲೇ ಬರೆಸಿಕೊಳ್ಳಿ. ಕ್ಯಾಮೆರಾಕ್ಕೆಂದು ಇರುವ ಮೂರನೆಯ ಕೊಳವೆಗೆ ಹಣ ಸುರಿಯಬೇಡಿ, ಮೊಬೈಲನ್ನು ಐಪೀಸಿಗೆ ನೇರವಾಗಿ ಹಿಡಿದರೆ ದನದ ಯಜಮಾನರಿಗೆ ತೋರಿಸಲು ಸಾಲುವಷ್ಟು ಚಿತ್ರ ಬರುತ್ತದೆ. ಆ ಹಣವನ್ನು, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟೆಂದು ತಿರುಗಿಸಿ ತೋರಿಸುವ ಮೈಕ್ರೋಹೆಮಟೋಕ್ರಿಟ್ ಸೆಂಟ್ರಿಫ್ಯೂಜಿಗೆ ಎತ್ತಿಡಿ. ಹಸುವಿಗೆ ರಕ್ತ ಕೊಡಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಅದು ಬೇಕು, ನನ್ನ ಮುಂದಿನ ಖರೀದಿ ಅದೇ.