ಎಂಜಿನ್ ಕೆಮ್ಮಿದರೆ ಅದು ಬಗ್ ಅಲ್ಲ: ಎಫ್-14ಎ ಆ್ಯಡ್-ಆನ್ ಜೊತೆ ಮೂರು ತಿಂಗಳು

ಎಫ್-14ಎ ಟಾಮ್‌ಕ್ಯಾಟ್ ಅಮೆರಿಕ ನೌಕಾಪಡೆಯ ಹಳೆಯ ಯುದ್ಧವಿಮಾನ. ಅದನ್ನು ಕಂಪ್ಯೂಟರ್‌ನ ಫ್ಲೈಟ್ ಸಿಮ್ಯುಲೇಟರ್‌ಗೆ ಸೇರಿಸುವ ಈ ಆ್ಯಡ್-ಆನ್ ಹಾಕಿಕೊಂಡ ಮೊದಲ ವಾರದಲ್ಲೇ ನಾನು ಹನ್ನೊಂದು ತೊಂದರೆಗಳ ಪಟ್ಟಿ ಮಾಡಿಟ್ಟಿದ್ದೆ. ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ರೆಕ್ಕೆ ಅಲುಗಾಡುವುದಿಲ್ಲ, ರೇಡಾರ್ ಆನ್ ಆಗುವುದಿಲ್ಲ, ಜೋರಾಗಿ ತಿರುಗಿಸಿದರೆ ಢಬ್ ಅಂತ ಸದ್ದು ಬಂದು ಒಂದು ಎಂಜಿನ್ ಸತ್ತೇ ಹೋಗುತ್ತದೆ, ಹೀಗೆ. ತಯಾರಕರಿಗೆ ಕಳಿಸೋಣ ಅಂತ ವಿಡಿಯೋ ಕೂಡ ಮಾಡಿಟ್ಟುಕೊಂಡೆ. ಕಳಿಸುವ ಮುಂಚೆ ಸುಮ್ನೆ ಒಂದು ಸಲ ಖಾತ್ರಿ ಮಾಡಿಕೊಳ್ಳೋಣ ಅಂತ ಒಂದೊಂದನ್ನೇ ಮತ್ತೆ ಪರೀಕ್ಷೆ ಮಾಡುತ್ತಾ ಹೋದೆ. ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಎರಡೇ. ಮಿಕ್ಕ ಒಂಬತ್ತರಲ್ಲಿ ಮೂರು ನನ್ನ ಸೆಟ್ಟಿಂಗ್ಸ್‌ನ ತಪ್ಪು. ಆರು ತಪ್ಪೇ ಅಲ್ಲ, ನಿಜವಾದ ಟಾಮ್‌ಕ್ಯಾಟ್ ಇದ್ದದ್ದೇ ಹಾಗೆ.

ಹಾಗಾಗಿ ಚಿತ್ರ, ಸದ್ದು ಇವುಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎರಡೂ ಚೆನ್ನಾಗಿವೆ. ಕಾಕ್‌ಪಿಟ್‌ನಲ್ಲಿ ಬಣ್ಣ ಸವೆದ ಸ್ವಿಚ್‌ಗಳನ್ನು ನೋಡುತ್ತಾ ಕೂತರೇನೇ ಖುಷಿ. ನನಗೆ ಮುಖ್ಯ ಅನಿಸಿದ್ದು ಬೇರೆ. ಈ ಆ್ಯಡ್-ಆನ್ ವಿಮಾನದ ಗುಣದ ಜೊತೆ ಅದರ ದೋಷವನ್ನೂ ಅಷ್ಟೇ ನಿಷ್ಠೆಯಿಂದ ಮಾಡಿದೆ, ಆದರೆ ಯಾವುದು ವಿಮಾನದ ದೋಷ, ಯಾವುದು ಸಾಫ್ಟ್‌ವೇರ್ ದೋಷ ಅಂತ ಎಲ್ಲೂ ಹೇಳುವುದಿಲ್ಲ. ಕೈಪಿಡಿ ದಪ್ಪಗಿದೆ, ಪ್ರತಿ ಸ್ವಿಚ್ಚಿನ ವಿವರಣೆ ಇದೆ. 'ಹೀಗಾದರೆ ಇಲ್ಲಿ ನೋಡಿ' ಅನ್ನುವ ಒಂದು ಪುಟ ಮಾತ್ರ ಇಲ್ಲ. ಆ ಒಂದು ಪುಟ ಇದ್ದಿದ್ದರೆ ನನ್ನ ಎರಡು ವಾರ ಉಳಿಯುತ್ತಿತ್ತು.

ಮೊದಲು ಸ್ಟಾರ್ಟ್ ವಿಷಯ. ಎಂಜಿನ್ ತಿರುಗಿಸಲು ಶುರು ಮಾಡುವ ಕ್ರ್ಯಾಂಕ್ ಸ್ವಿಚ್ ಒತ್ತಿದರೆ ಏನೂ ಆಗುವುದಿಲ್ಲ, ಸ್ವಿಚ್ ವಾಪಸ್ ಬಂದುಬಿಡುತ್ತದೆ. ಎಫ್-14ರಲ್ಲಿ ತನ್ನಷ್ಟಕ್ಕೆ ಸ್ಟಾರ್ಟ್ ಆಗಲು ಬೇಕಾದ ಎಪಿಯು (ವಿಮಾನದೊಳಗಿನ ಚಿಕ್ಕ ಸಹಾಯಕ ಎಂಜಿನ್) ಇರಲಿಲ್ಲ. ಕರೆಂಟೂ ಹೊರಗಿನಿಂದ ಬರಬೇಕು, ಎಂಜಿನ್ ತಿರುಗಿಸುವ ಗಾಳಿಯೂ ಹೊರಗಿನಿಂದ ಬರಬೇಕು. ಇಲ್ಲೂ ಅಷ್ಟೇ, ಗ್ರೌಂಡ್ ಕ್ರೂ ಮೆನುವಿನಲ್ಲಿ ಎರಡನ್ನೂ ಬೇರೆ ಬೇರೆಯಾಗಿ ಕೇಳಬೇಕು. ಕರೆಂಟ್ ಬಂದ ಕೂಡಲೇ ಲೈಟುಗಳೆಲ್ಲ ಹತ್ತಿಕೊಳ್ಳುತ್ತವಲ್ಲ, ಹಾಗಾಗಿ ಎಲ್ಲ ಸಿದ್ಧವಾಯಿತು ಅನಿಸುತ್ತದೆ, ಗಾಳಿ ಕೇಳುವುದು ಮರೆತುಹೋಗುತ್ತದೆ.

ಸ್ಟಾರ್ಟ್ ಆದಮೇಲೆ ಇನ್ನೊಂದು ಇದೆ. ಸ್ಟಾರ್ಟ್ ಮಾಡುವಾಗ ಏರ್ ಸೋರ್ಸ್ (ವಿಮಾನದ ವ್ಯವಸ್ಥೆಗಳಿಗೆ ಯಾವ ಎಂಜಿನ್‌ನಿಂದ ಗಾಳಿ ಬರಬೇಕು ಅನ್ನುವ ಸ್ವಿಚ್) ಆಫ್‌ನಲ್ಲಿರುತ್ತದೆ, ಆಮೇಲೆ ಎರಡೂ ಎಂಜಿನ್‌ಗೆ ಹಾಕಬೇಕು. ಹಾಕದಿದ್ದರೆ ತಂಪು ಮಾಡುವ ಗಾಳಿ ಸಿಗುವುದಿಲ್ಲ. ಹಿಂದಿನ ಸೀಟಿನಲ್ಲಿ ದ್ರವದಿಂದ ತಂಪು ಮಾಡುವ ಸ್ವಿಚ್ ಬೇರೆ ಇದೆ, ಅದನ್ನೂ ಹಾಕಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಎಡಬ್ಲ್ಯುಜಿ-9 ರೇಡಾರ್ ಏಳುವುದಿಲ್ಲ. ರೇಡಾರ್ ಕೆಟ್ಟಿದೆ ಅಂತ ನಾನು ಮೂರು ಸಲ ಆ್ಯಡ್-ಆನ್ ತೆಗೆದು ಮತ್ತೆ ಹಾಕಿದ್ದೆ.

ಇನ್ನು ರೆಕ್ಕೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಹಾರುವಾಗ ರೆಕ್ಕೆ 20 ಡಿಗ್ರಿಯಿಂದ 68 ಡಿಗ್ರಿವರೆಗೆ ಹಿಂದಕ್ಕೆ ಹೋಗುತ್ತದೆ. ಹಡಗಿನ ಡೆಕ್ ಮೇಲೆ ಜಾಗ ಉಳಿಸಲು ಅದನ್ನು 75 ಡಿಗ್ರಿವರೆಗೂ ಎಳೆದು ನಿಲ್ಲಿಸುತ್ತಿದ್ದರು. ಪೂರ್ತಿ ಬಿಚ್ಚಿದಾಗ ಸುಮಾರು 19.5 ಮೀಟರ್ ಅಗಲ ಇರುವ ವಿಮಾನ ಆಗ ಸುಮಾರು 10 ಮೀಟರ್‌ಗೆ ಇಳಿಯುತ್ತದೆ. ಆಫ್ ಆಗಿರುವ ವಿಮಾನದಿಂದ ಶುರು ಮಾಡಿದರೆ ರೆಕ್ಕೆ ಈ 75ರಲ್ಲೇ ಇರುತ್ತದೆ. ಥ್ರಾಟಲ್ ಮೇಲಿನ ಸ್ವಿಚ್ಚನ್ನು ಆಟೋಗೆ ಹಾಕಿದರೂ ಏನೂ ಆಗುವುದಿಲ್ಲ. ಥ್ರಾಟಲ್ ಪಕ್ಕದಲ್ಲಿ ಮುಚ್ಚಳದ ಕೆಳಗೆ ತುರ್ತು ಹಿಡಿಕೆ ಒಂದಿದೆ. ಮುಚ್ಚಳ ಎತ್ತಿ, ಹಿಡಿಕೆಯನ್ನು ಪೂರ್ತಿ ಮುಂದಕ್ಕೆ ತಳ್ಳಿ, ರೆಕ್ಕೆ 20ಕ್ಕೆ ಬರುವವರೆಗೆ ಕಾದು, ಹಿಡಿಕೆಯನ್ನು ಅದರ ಗೂಡಿನಲ್ಲಿ ಕೂರಿಸಿ, ಮುಚ್ಚಳ ಹಾಕಿ, ಆಟೋಗೆ ಹಾಕಿ, ಆಮೇಲೆ ಮಾಸ್ಟರ್ ರೀಸೆಟ್ ಒತ್ತಬೇಕು. ಆ ಕೊನೆಯ ಬಟನ್ ಒತ್ತುವವರೆಗೆ ಕಂಪ್ಯೂಟರ್ ರೆಕ್ಕೆಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ನಾನು ಎಲ್ಲ ಮಾಡಿ ಅದೊಂದನ್ನೇ ಬಿಡುತ್ತಿದ್ದೆ, ಎಚ್ಚರಿಕೆಯ ಲೈಟ್ ಹತ್ತಿಕೊಂಡೇ ಇರುತ್ತಿತ್ತು.

ಇದಕ್ಕಿಂತ ಕಷ್ಟದ ಒಂದು ಪ್ರಕರಣ ಇದೆ. ಹಾರಿದಮೇಲೆ ಎಲ್ಲ ಸರಿಯಾಗಿದೆ, ವೇಗ ಏರುತ್ತಿದೆ, ರೆಕ್ಕೆ ಮಾತ್ರ ಹಿಂದಕ್ಕೆ ಹೋಗುತ್ತಲೇ ಇಲ್ಲ. ಹಿಡಿಕೆ ಸರಿ ಇದೆ, ರೀಸೆಟ್ ಒತ್ತಿದ್ದೇನೆ, ಮತ್ತೂ ಹೋಗುವುದಿಲ್ಲ. ಕಾರಣ ಫ್ಲಾಪ್, ಅಂದರೆ ನಿಧಾನ ವೇಗದಲ್ಲಿ ಹಾರಲು ರೆಕ್ಕೆಯ ಹಿಂಬದಿಯಲ್ಲಿ ಕೆಳಗಿಳಿಸುವ ಹಲಗೆ. ಫ್ಲಾಪ್ ಕೆಳಗಿದ್ದರೆ ರೆಕ್ಕೆಯನ್ನು ಹಿಂದಕ್ಕೆ ಬಿಡುವುದಿಲ್ಲ, ಬಿಟ್ಟರೆ ಫ್ಲಾಪ್ ಹೋಗಿ ವಿಮಾನದ ಮೈಗೆ ಬಡಿಯುತ್ತದೆ. ಫ್ಲಾಪ್‌ಗೆ 225 ನಾಟ್ (ಗಂಟೆಗೆ ಸುಮಾರು 417 ಕಿ.ಮೀ.) ಮಿತಿ. ಆಫ್ಟರ್‌ಬರ್ನರ್ (ಎಂಜಿನ್‌ನ ಹಿಂಬದಿಯಲ್ಲಿ ಹೆಚ್ಚುವರಿ ಇಂಧನ ಸುಟ್ಟು ಬಲ ಹೆಚ್ಚಿಸುವ ವ್ಯವಸ್ಥೆ) ಹಾಕಿ ಹಾರಿದರೆ ಆ ವೇಗ ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತದೆ. ದಾಟಿದಮೇಲೆ ಎತ್ತಲು ಹೋದರೆ ಫ್ಲಾಪ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ, ಲಿವರ್ ಮೇಲಿದ್ದರೂ ಫ್ಲಾಪ್ ಮೇಲಿರುವುದಿಲ್ಲ, ಆಮೇಲೆ ಆ ಹಾರಾಟದುದ್ದಕ್ಕೂ ರೆಕ್ಕೆ ಮುಂದೆಯೇ. ಎಫ್2 ಒತ್ತಿ ಹೊರಗಿನಿಂದ ನೋಡಿದೆ. ಬಲ ರೆಕ್ಕೆಯ ಹಿಂಬದಿಯಲ್ಲಿ ಬೆರಳಗಲದಷ್ಟು ಫ್ಲಾಪ್ ಇಳಿದೇ ಇತ್ತು. ಲಿವರ್ ನೋಡಿ ನಂಬಬೇಡಿ, ಫ್ಲಾಪ್ ಸೂಚಕ ನೋಡಿ. ಈಗ ನಾನು ಚಕ್ರ ಎತ್ತಿದ ಕೂಡಲೇ, 180 ನಾಟ್ ದಾಟುತ್ತಲೇ ಫ್ಲಾಪ್ ಎತ್ತಿಬಿಡುತ್ತೇನೆ, ಮೂಗನ್ನು ಸ್ವಲ್ಪ ಜಾಸ್ತಿ ಎತ್ತಿ ವೇಗ ಹಿಡಿದಿಡುತ್ತೇನೆ. ಅದಾದಮೇಲೆ ಒಂದು ಸಲವೂ ಸಿಕ್ಕಿಕೊಂಡಿಲ್ಲ.

ಈಗ ಎಂಜಿನ್. ಎಫ್-14ಎಗೆ ಹಾಕಿದ್ದು ಪ್ರ್ಯಾಟ್ ಆಂಡ್ ವಿಟ್ನಿಯ ಟಿಎಫ್30, ಎಫ್-111ರಲ್ಲೂ ಇದ್ದ ಎಂಜಿನ್. ಮೂಗು ಎತ್ತಿ ನಿಧಾನಕ್ಕೆ ಹಾರುವಾಗ ಒಳಗೆ ಬರುವ ಗಾಳಿ ಕದಡಿದರೆ ಅದಕ್ಕೆ ತಡೆಯುವುದಿಲ್ಲ, ಕಂಪ್ರೆಸರ್ ಸ್ಟಾಲ್ ಆಗುತ್ತದೆ, ಅಂದರೆ ಎಂಜಿನ್ ಒಳಗಿನ ಗಾಳಿಯ ಹರಿವು ಮುರಿದುಬೀಳುತ್ತದೆ. ನಿಜವಾದ ಪೈಲಟ್‌ಗಳಿಗೂ ಇದು ದೊಡ್ಡ ತಲೆನೋವಾಗಿತ್ತು, ಪ್ರಾಣ ಹೋದದ್ದೂ ಇದೆ. 1980ರ ದಶಕದ ಕೊನೆಗೆ ಜನರಲ್ ಎಲೆಕ್ಟ್ರಿಕ್‌ನ ಎಫ್110 ಎಂಜಿನ್ ಬಂದಮೇಲೇ ಅವರಿಗೆ ನೆಮ್ಮದಿ ಸಿಕ್ಕಿದ್ದು.

ಇದು ಬಗ್ಗೋ ಅಲ್ಲವೋ ಅಂತ ತಿಳಿಯಲು ನಾನು ಹೀಗೆ ಮಾಡಿದೆ. ಯಾರೂ ಇಲ್ಲದ ಖಾಲಿ ಮಿಷನ್, ಗಾಳಿ ಇಲ್ಲ, 25,000 ಅಡಿ ಎತ್ತರ. ಮೊದಲು 400 ನಾಟ್‌ನಲ್ಲಿ ನೇರ ಹಾರುತ್ತಾ ಥ್ರಾಟಲ್ ಹಿಂದೆ ಮುಂದೆ ಹತ್ತು ಸಲ ಆಡಿಸಿದೆ. ಏನೂ ಆಗಲಿಲ್ಲ. ಆಮೇಲೆ ವೇಗ 200 ನಾಟ್‌ಗೆ ಇಳಿಸಿ, ಮೂಗು ಎತ್ತಿ ಹಿಡಿದು, ಸ್ವಲ್ಪ ಪೆಡಲ್ (ಬಾಲದ ರಡ್ಡರ್ ತಿರುಗಿಸಿ ಮೂಗನ್ನು ಎಡಬಲ ಮಾಡುವುದು) ಕೊಟ್ಟು, ಥ್ರಾಟಲನ್ನು ಐಡಲ್‌ನಿಂದ (ಅತಿ ಕಡಿಮೆ ಬಲದಿಂದ) ಒಂದೇ ಸಲ ಆಫ್ಟರ್‌ಬರ್ನರ್‌ಗೆ ತಳ್ಳಿದೆ. ಎರಡನೇ ಪ್ರಯತ್ನಕ್ಕೇ ಢಬ್. ಬಲ ಎಂಜಿನ್‌ನ ಆರ್‌ಪಿಎಂ ಪಟ್ಟಿ ಕುಸಿಯಿತು, ಪಕ್ಕದಲ್ಲೇ ತಾಪಮಾನದ ಪಟ್ಟಿ ಮೇಲಕ್ಕೆ ಏರುತ್ತಲೇ ಹೋಯಿತು, ಮೂಗು ಬಲಕ್ಕೆ ಎಳೆಯತೊಡಗಿತು. ಇಪ್ಪತ್ತು ಸಲ ಮಾಡಿದೆ. ನಿಧಾನ ವೇಗ, ಎತ್ತಿದ ಮೂಗು, ಅಡ್ಡ ಜಾರು, ಒರಟಾದ ಥ್ರಾಟಲ್ ಎಲ್ಲ ಸೇರಿದಾಗ ಮಾತ್ರ ಆಗುತ್ತದೆ. ಬಗ್ ಆಗಿದ್ದರೆ ಇಷ್ಟು ಶಿಸ್ತಾಗಿ ವರ್ತಿಸುವುದಿಲ್ಲ ಅಲ್ವಾ.

ಆದಾಗ ಏನು ಮಾಡಬೇಕು? ಸ್ಟಿಕ್ ಮುಂದಕ್ಕೆ ಬಿಟ್ಟು ಮೂಗು ಇಳಿಸಿ. ಎರಡೂ ಥ್ರಾಟಲ್ ಹಿಂದಕ್ಕೆ ತನ್ನಿ, ಕೆಟ್ಟ ಎಂಜಿನ್‌ದು ಮಾತ್ರ ಅಲ್ಲ. ಎಂಜಿನ್‌ಗಳ ನಡುವೆ ಎರಡೂವರೆ ಮೀಟರ್‌ಗಿಂತ ಜಾಸ್ತಿ ಅಂತರ ಇದೆ, ಒಂದು ಸತ್ತು ಇನ್ನೊಂದು ಪೂರ್ತಿ ಉರಿಯುತ್ತಿದ್ದರೆ ವಿಮಾನ ಬುಗುರಿ ಹಾಗೆ ಸುತ್ತಲು ಶುರು ಮಾಡುತ್ತದೆ, ಆ ಚಪ್ಪಟೆ ಸ್ಪಿನ್‌ನಿಂದ ಹೊರಬರುವುದು ತುಂಬಾ ಕಷ್ಟ. ಮೂಗು ಎಳೆಯುವ ದಿಕ್ಕಿಗೆ ವಿರುದ್ಧ ಪೆಡಲ್ ಕೊಡಿ. ತಾಪಮಾನ ಇಳಿಯದಿದ್ದರೆ ಆ ಎಂಜಿನ್ನನ್ನು ಪೂರ್ತಿ ಆಫ್ ಮಾಡಿ, ವೇಗ ಬಂದಮೇಲೆ ಮತ್ತೆ ಹಚ್ಚಿ. ಇದನ್ನು ಆ್ಯಡ್-ಆನ್ ಎಷ್ಟು ಚೆನ್ನಾಗಿ ಮಾಡಿದೆ ಅಂದರೆ, ಮೊದಲ ಸಲ ಗಾಳಿಯಲ್ಲೇ ಎಂಜಿನ್ ಹಚ್ಚಿಕೊಂಡು ಮನೆಗೆ ಮರಳಿದ ದಿನ ಲ್ಯಾಂಡ್ ಆದಮೇಲೂ ನನ್ನ ಕೈ ನಡುಗುತ್ತಿತ್ತು.

ಸ್ಟಿಕ್ ಎಡಕ್ಕೆ ಕೊಟ್ಟರೆ ವಿಮಾನ ಬಲಕ್ಕೆ ಹೋಗುತ್ತದೆ ಅನ್ನುವ ದೂರೂ ಇದೇ ಜಾತಿಯದು. ಟಾಮ್‌ಕ್ಯಾಟ್‌ಗೆ ಐಲೆರಾನ್ (ವಿಮಾನವನ್ನು ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಹಲಗೆ) ಇಲ್ಲ. ಬಾಲದ ಎರಡು ರೆಕ್ಕೆಗಳನ್ನು ಮೇಲೆ ಕೆಳಗೆ ಮಾಡಿ, ಜೊತೆಗೆ ರೆಕ್ಕೆಯ ಮೇಲ್ಭಾಗದ ಸ್ಪಾಯ್ಲರ್ ಹಲಗೆಗಳನ್ನು ಎತ್ತಿ ವಾಲುತ್ತದೆ. ಮೂಗು ಜಾಸ್ತಿ ಎತ್ತಿದಾಗ ಬರೀ ಸ್ಟಿಕ್‌ನಿಂದ ವಾಲಿಸಲು ಹೋದರೆ ಮೂಗು ಎದುರು ದಿಕ್ಕಿಗೆ ಎಳೆಯುತ್ತದೆ. ಆಗ ಪೆಡಲ್‌ನಿಂದ ವಾಲಿಸಬೇಕು. ಇಲ್ಲೇ ನನ್ನ ಸೆಟ್ಟಿಂಗ್ಸ್ ತಪ್ಪೂ ಬೆರೆತುಕೊಂಡಿತ್ತು. ಸಿಮ್ಯುಲೇಟರ್‌ನ ಆಟೋ-ರಡ್ಡರ್ ಸಹಾಯ ಆನ್ ಇತ್ತು, ನಾನು ಕೊಟ್ಟ ಪೆಡಲ್ಲಿಗೆ ಅದು ಅಡ್ಡ ಬರುತ್ತಿತ್ತು. ಇಂಥ ವಿಮಾನ ಹಾರಿಸುವಾಗ ಆ ಸಹಾಯಗಳನ್ನೆಲ್ಲ ತೆಗೆದುಬಿಡಿ.

ಮಿಕ್ಕ ಎರಡು ಸೆಟ್ಟಿಂಗ್ಸ್ ತಪ್ಪುಗಳೂ ಸಾಮಾನ್ಯವಾದವೇ. ಹೊಸ ವಿಮಾನ ಹಾಕಿದಾಗ ಸಿಮ್ಯುಲೇಟರ್ ತಾನೇ ಕೀಲಿಗಳನ್ನು ಹಂಚಿಬಿಡುತ್ತದೆ. ನನ್ನ ಥ್ರಾಟಲ್‌ನ ಒಂದು ಆ್ಯಕ್ಸಿಸ್ ಪಿಚ್‌ಗೂ ಜೋಡಣೆಯಾಗಿತ್ತು, ಥ್ರಾಟಲ್ ಮುಂದೆ ಹೋದಂತೆಲ್ಲ ಮೂಗು ಇಳಿಯುತ್ತಿತ್ತು. ಪೆಡಲ್ ತುದಿಯ ಬ್ರೇಕ್ ಒಂದು ರೋಲ್‌ಗೆ ಹೋಗಿತ್ತು, ವಿಮಾನ ಸದಾ ಎಡಕ್ಕೆ ವಾಲುತ್ತಿತ್ತು. ಕಂಟ್ರೋಲ್ ಸೂಚಕವನ್ನು ಪರದೆ ಮೇಲೆ ತೆರೆದಿಟ್ಟು ಕೈ ಪೂರ್ತಿ ಬಿಡಿ. ಚುಕ್ಕೆ ನಟ್ಟ ನಡುವೆ ನಿಲ್ಲದಿದ್ದರೆ ತೊಂದರೆ ವಿಮಾನದ್ದಲ್ಲ.

ರೇಡಾರ್ ಗುರಿ ಕಳೆದುಕೊಳ್ಳುತ್ತದೆ ಅಂತ ಬಹಳ ಜನ ಬೇಸರ ಮಾಡಿಕೊಳ್ಳುತ್ತಾರೆ. ಎಡಬ್ಲ್ಯುಜಿ-9 ಅದರ ಕಾಲಕ್ಕೆ ಅದ್ಭುತ ಯಂತ್ರ, ಒಂದೇ ಸಲ 24 ಗುರಿಗಳ ಜಾಡು ಹಿಡಿದು ಆರಕ್ಕೆ ಫೀನಿಕ್ಸ್ ಕ್ಷಿಪಣಿ ಬಿಡಬಲ್ಲದು. ಆದರೆ ಡಾಪ್ಲರ್ ಮೋಡ್‌ನಲ್ಲಿ ಅದು ನೋಡುವುದು ವೇಗದ ವ್ಯತ್ಯಾಸವನ್ನು. ಎದುರಾಳಿ ನಿಮಗೆ ಸರಿಯಾಗಿ ಅಡ್ಡ ತಿರುಗಿದರೆ ಅವನು ನಿಮ್ಮ ಹತ್ತಿರವೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ, ರೇಡಾರ್‌ಗೆ ನೆಲವೂ ಅವನೂ ಒಂದೇ. ನೆಲದ ಪ್ರತಿಧ್ವನಿಯನ್ನು ಸೋಸುವಾಗ ಅವನನ್ನೂ ಸೋಸಿಬಿಡುತ್ತದೆ. ನೀವು ಕೆಳಗಿಳಿದು ಅವನನ್ನು ಆಕಾಶದ ಕಡೆ ಇಟ್ಟುಕೊಂಡು ವೇಗದ ವ್ಯತ್ಯಾಸ ನೋಡದ ಪಲ್ಸ್ ಮೋಡ್‌ಗೆ ಹೋದರೆ ಮತ್ತೆ ಕಾಣುತ್ತಾನೆ. ಇದನ್ನು ತಿಳಿದು ಆಡಿದರೆ ಆಟದ ಸೊಗಸೇ ಬೇರೆ.

ನ್ಯಾವಿಗೇಶನ್ ಬಗ್ಗೆ ಚಿಕ್ಕ ಮಾತು. ಐಎನ್‌ಎಸ್ (ವಿಮಾನದ ಚಲನೆಯನ್ನು ಅಳೆದು ಅದು ಎಲ್ಲಿದೆ ಅಂತ ಲೆಕ್ಕ ಹಾಕುವ ಯಂತ್ರ) ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ಪಾರ್ಕಿಂಗ್ ಬ್ರೇಕ್ ಹಾಕಿ ಅಲುಗಾಡದೆ ನಿಲ್ಲಬೇಕು. ಅವಸರ ಮಾಡಿ ಹೊರಟರೆ ವೇಪಾಯಿಂಟ್ (ದಾರಿಯಲ್ಲಿ ಗುರುತಿಸಿಟ್ಟ ಸ್ಥಳ) ಎಲ್ಲೋ, ನೀವು ಎಲ್ಲೋ. ಸರಿಯಾಗಿ ಹೊಂದಿಸಿದರೂ ಹೊತ್ತು ಹೋದಂತೆ ಸ್ವಲ್ಪ ಜರುಗುತ್ತದೆ, ಜಿಪಿಎಸ್ ಇಲ್ಲದ ಕಾಲದ ವಿಮಾನ ಇದು. ನಡುನಡುವೆ ಟಾಕಾನ್ (ದಿಕ್ಕು, ದೂರ ತಿಳಿಸುವ ರೇಡಿಯೋ ಕೇಂದ್ರ) ನೋಡಿ ತಿದ್ದಿಕೊಳ್ಳಿ.

ಕೊನೆಗೆ ಉಳಿದ ಎರಡು ನಿಜವಾದ ಬಗ್‌ಗಳು. ಒಂದು, ಮಿಷನ್ ಮಧ್ಯೆ ಮತ್ತೆ ಲೋಡ್ ಮಾಡಿದರೆ ಸ್ಥಿರತೆ ಕಾಯುವ ಮೂರು ಸ್ವಿಚ್‌ಗಳು ಆನ್ ಅಂತ ಕಾಣುತ್ತವೆ, ಆದರೆ ಕೆಲಸ ಮಾಡುತ್ತಿರುವುದಿಲ್ಲ, ವಿಮಾನ ಮೀನಿನ ಹಾಗೆ ಬಾಲ ಆಡಿಸುತ್ತದೆ. ಮೂರನ್ನೂ ಒಂದು ಸಲ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ. ಇನ್ನೊಂದಕ್ಕೆ ಪರಿಹಾರ ಸಿಕ್ಕಿಲ್ಲ. ಐಎನ್‌ಎಸ್ ಹೊಂದುವಾಗ ಕಾಯಲಾರದೆ ಸಮಯವನ್ನು ನಾಲ್ಕು ಪಟ್ಟು ಓಡಿಸಿದರೆ ಹಿಂದಿನ ಸೀಟಿನ ಎಐ ಸಂಗಾತಿ ಅಲ್ಲೇ ನಿಂತುಬಿಡುತ್ತಾನೆ, ಆಮೇಲೆ ಯಾವ ಮೆನುವಿಗೂ ಉತ್ತರ ಕೊಡುವುದಿಲ್ಲ, ಮಿಷನ್ ಮೊದಲಿನಿಂದ ಶುರು ಮಾಡಬೇಕು. ಎರಡನ್ನೂ ಖಾಲಿ ಮಿಷನ್‌ನಲ್ಲಿ, ಬೇರೆ ಯಾವ ಮಾಡ್ (ಆಟಕ್ಕೆ ಸೇರಿಸಿದ ಹೆಚ್ಚುವರಿ ಫೈಲ್) ಇಲ್ಲದೆ ಮತ್ತೆ ಮಾಡಿ ನೋಡಿ, ಹೆಜ್ಜೆ ಹೆಜ್ಜೆ ಬರೆದು, ರೆಕಾರ್ಡಿಂಗ್ ಫೈಲ್ ಸಮೇತ ತಯಾರಕರಿಗೆ ಕಳಿಸಿದೆ. ಮೊದಲನೆಯದು ತಮ್ಮಲ್ಲೂ ಆಗುತ್ತಿದೆ ಅಂತ ನಾಲ್ಕು ದಿನದಲ್ಲಿ ಉತ್ತರ ಬಂತು. ಎರಡನೆಯದಕ್ಕೆ ಇನ್ನೂ ಬಂದಿಲ್ಲ. ಅಲ್ಲಿವರೆಗೆ ನಾನು ಸಮಯ ಓಡಿಸುವುದಿಲ್ಲ, ಬ್ರೇಕ್ ಹಾಕಿ ಎಂಟು ನಿಮಿಷ ಕೂರುತ್ತೇನೆ, ಆ ಹೊತ್ತಿಗೆ ಚೆಕ್‌ಲಿಸ್ಟ್ ಒಂದು ಸುತ್ತು ಮುಗಿದಿರುತ್ತದೆ.